ಹದ್ದು ಬಂದಿರ್ಬೇಕು ಭಾವ

ಹಡಗಿನಿಂದ ದಡಕ್ಕಿಳಿಯುವಾಗಲೇ ಭಾಮೈದ ಎಣ್ಣೆಯಣ್ಣನ ತೋಳು ಹಿಡಿದುಕೊಂಡ. "ಹುಷಾರು ಭಾವ, ಮೆಟ್ಟಿಲು ಜಾರುತ್ತೆ" ಎಂದ, ಬಾಯಿ ಅಗಲಿಸಿ, ನಿಧಾನವಾಗಿ. ಹಾಗೆ ಮಾತಾಡಲು ಕಲಿಸಿದವಳು ಅವನ ಅಕ್ಕ. ಹಡಗಿನ ಎಂಜಿನ್ನಿಗೆ ಎಣ್ಣೆ ಹಾಕಿ ಹಾಕಿ ಗಂಡನ ಕಿವಿ ಹೋಗಿದೆ ಎಂಬುದು ಅವಳನ್ನೂ ಈ ತಮ್ಮನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. "ಅವರ ಕಿವಿ ನೀನೇ ಕಣೋ" ಎಂದು ಕಣ್ಣೀರು ಹಾಕಿ, ಅದೇ ಹಡಗಿನ ಅಡುಗೆಮನೆ ಕೆಲಸಕ್ಕೆ ಕಳಿಸಿದ್ದಳು. ಪಾಪದವಳು! ಹಾಲು ಕಾಯೋಕೆ ಬೆಕ್ಕನ್ನು ಕೂರಿಸಿದ್ದಳು.

ಕೆಳಗೆ ಎಂಜಿನ್ ರೂಮಿನಲ್ಲಿ ತೊಂದರೆಯೇ ಇರಲಿಲ್ಲ. ಆ ಗದ್ದಲದಲ್ಲಿ ಎಲ್ಲರೂ ಕಿವುಡರೇ, ಎಲ್ಲರದೂ ಕೈಸನ್ನೆಯೇ. ಆದರೆ ದೊಡ್ಡ ಎಂಜಿನಿಯರ್‌ಗೆ ಗೊತ್ತಾದರೆ ಮುಗಿಯಿತು, ಮುಂದಿನ ಬಂದರಿನಲ್ಲೇ ಗಂಟುಮೂಟೆ. ಅಪಾಯದ ಗಂಟೆ ಕೇಳದವನನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಮಗಳ ಓದು ಇನ್ನೂ ಅರ್ಧದಲ್ಲಿತ್ತು. ಐವತ್ತು ದಾಟಿದವನನ್ನು ಬೇರೆ ಹಡಗಿನವರು ಮೂಸಿಯೂ ನೋಡುತ್ತಿರಲಿಲ್ಲ. ಅದಕ್ಕೇ ಮೇಲೆ ಬಂದಾಗ ಅವನದೊಂದು ಉಪಾಯ: ಕಣ್ಣೆಲ್ಲ ಜನರ ಮುಖದ ಮೇಲೆ. ಅವರು ತಿರುಗಿದರೆ ತಾನೂ ತಿರುಗುವುದು, ನಕ್ಕರೆ ತಾನೂ ನಗುವುದು.

ಬಂದರಿನ ಬೀದಿ ಕಡಿದಾಗಿ ಗುಡ್ಡ ಹತ್ತುತ್ತಿತ್ತು. ಕ್ಷೌರದಂಗಡಿಯ ಮುಂದೆ ಒದ್ದೆ ಟವೆಲ್‌ಗಳು, ಹಗ್ಗ ಮಾರುವವನ ಬಾಗಿಲಲ್ಲಿ ನಿದ್ದೆ ಹೊಡೆಯುವ ನಾಯಿ, ಕಾಂಪೌಂಡಿನಾಚೆಯಿಂದ ಬೀದಿಗೆ ಬಾಗಿದ ಕಿತ್ತಳೆ ಮರ. ಎಷ್ಟೋ ದಿನದ ಮೇಲೆ ಅಲುಗದ ನೆಲ ಸಿಕ್ಕ ಎಣ್ಣೆಯಣ್ಣನಿಗೆ ಹಿಗ್ಗೋ ಹಿಗ್ಗು. ಬಿದ್ದಿದ್ದ ಹಣ್ಣೊಂದನ್ನು ಒರೆಸಿ, ಹೆಂಡತಿಗೆಂದು ಜೇಬಿಗಿಳಿಸಿದ.

"ಮನೆ ಸೇರೋಕೆ ಇನ್ನೂ ಐದು ತಿಂಗಳಿದೆ ಭಾವ. ಅಷ್ಟರಲ್ಲಿ ಕೊಳೆತು ನಾರುತ್ತೆ."

"ಸಿಪ್ಪೆನಾದ್ರೂ ಉಳಿಯುತ್ತಲ್ಲೋ!" ಇಬ್ಬರೂ ನಕ್ಕರು.

ಗುಡ್ಡದ ಮೇಲಿನ ಚಹಾದಂಗಡಿಯಲ್ಲಿ ದೊಡ್ಡ ಎಂಜಿನಿಯರ್ ಆಗಲೇ ಕೂತಿದ್ದ. ಎಣ್ಣೆಯಣ್ಣ ಇಬ್ಬರ ಬಾಯಿಯೂ ಕಾಣುವ ಕುರ್ಚಿ ಹುಡುಕಿ ಕೂತ. ಕೆಳಗೆ ಹಡಗು ಚಿಕ್ಕದಾಗಿ ಕಾಣುತ್ತಿತ್ತು. ಅದು ಕೂಗಿದ ಕೂಡಲೇ ಎಲ್ಲರೂ ಇಳಿಯಬೇಕೆಂದು ಅಪ್ಪಣೆಯಾಗಿತ್ತು.

ಹಡಗು ಕೂಗಿತು. ಉದ್ದಕ್ಕೆ, ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿತು. ಮರಗಳಲ್ಲಿದ್ದ ಹಕ್ಕಿಗಳೆಲ್ಲ ಭರ್ರನೆ ಮೇಲೆದ್ದವು.

ಎಣ್ಣೆಯಣ್ಣ ತಟ್ಟನೆ ಎಂಜಿನಿಯರ್ ಮುಖ ನೋಡಿದ. ಅವನು ಚಹಾಕ್ಕೆ ಸಕ್ಕರೆ ಕಲಸುತ್ತಿದ್ದ. ಭಾಮೈದ ದಾರಿಯಲ್ಲಿ ತಾನೂ ಆರಿಸಿಕೊಂಡಿದ್ದ ಕಿತ್ತಳೆ ಸುಲಿಯುತ್ತಿದ್ದ.

"ಏನೋ, ಹಕ್ಕಿಗಳೆಲ್ಲ ಒಟ್ಟಿಗೇ ಎದ್ವು?"

"ಹದ್ದು ಬಂದಿರ್ಬೇಕು ಭಾವ" ಎಂದು ಭಾಮೈದ ಒಂದು ತೊಳೆ ಕೊಟ್ಟ.

ಆಕಾಶದಲ್ಲಿ ಹದ್ದಿರಲಿಲ್ಲ. ಎಣ್ಣೆಯಣ್ಣ ಎರಡು ಸಲ ನೋಡಿದ. ಆದರೆ ಹಕ್ಕಿಗಳನ್ನು ನಂಬುವುದೋ, ಹೆಂಡತಿಯ ಒಡಹುಟ್ಟಿದವನನ್ನೋ? ಅವನು ತೊಳೆ ಬಾಯಿಗೆ ಹಾಕಿಕೊಂಡ.

"ಹೊರಡೋಣವಾ?" ಎಂದ ಎಂಜಿನಿಯರ್, ಸ್ವಲ್ಪ ಹೊತ್ತು ಬಿಟ್ಟು.

"ಇನ್ನೂ ಕೂಗಿಲ್ವಲ್ಲ ಸಾರ್, ಕೂತ್ಕೊಳ್ಳಿ. ಕೂಗಿದ್ರೆ ಮೊದಲು ಕೇಳಿಸೋದೇ ನನಗೆ!" ಎಂದ ಎಣ್ಣೆಯಣ್ಣ.

ಅಯ್ಯೋ, ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು.

ಎಂಜಿನಿಯರ್ ಲೋಟ ಕೆಳಗಿಟ್ಟ. "ಆಗಲೇ ಕೂಗಿ ಆಯ್ತು" ಎಂದ. ಆಮೇಲೆ ಭಾಮೈದನ ಕಡೆ ತಿರುಗಿ, "ನೀನು ಮೊನ್ನೆ ಹೇಳಿದ್ದು ಸರಿ ಕಣಯ್ಯ. ಅಡುಗೆಮನೇಲಿ ಆಲೂಗಡ್ಡೆ ಸುಲಿದಿದ್ದು ಸಾಕು, ಇವನ ಕೆಲಸಕ್ಕೆ ನಾಳೆಯಿಂದ ನೀನೇ ಬಾ" ಎಂದು ಎದ್ದು ಹೋದ.

ಎಣ್ಣೆಯಣ್ಣ ಭಾಮೈದನ ಕಡೆ ತಿರುಗಿದ. "ಹದ್ದು ಅಂದ್ಯಲ್ಲೋ" ಎಂದ. ಕೈ ತಾನಾಗಿಯೇ ಜೇಬಿನ ಹಣ್ಣನ್ನು ಹಿಡಿದುಕೊಂಡಿತ್ತು.

ಭಾಮೈದ ಅದನ್ನು ನೋಡಿದ. ಹತ್ತಿರ ಬಗ್ಗಿ, ಅಕ್ಕ ಕಲಿಸಿದ ಹಾಗೇ ಬಾಯಿ ಅಗಲಿಸಿ, ಒಂದಕ್ಷರವೂ ತಪ್ಪದ ಹಾಗೆ ನಿಧಾನವಾಗಿ ಹೇಳಿದ:

"ಬಿಡಿ ಭಾವ. ಈಗ ಹಣ್ಣು ಕೊಳೆಯೋ ಮುಂಚೆನೇ ಅಕ್ಕನ ಕೈ ಸೇರುತ್ತೆ."