ಮೇಲಿನ ಕಂಬಿ

ಒದ್ದೆ ಬೆಡ್‌ಶೀಟ್ ಹಗುರ ಅಂದುಕೊಳ್ಳಬೇಡಿ. ಅದರಲ್ಲೂ ಆಸ್ಪತ್ರೆಯವು ದಪ್ಪ. ನೀರು ಕುಡಿದರೆ ಕಲ್ಲಾಗುತ್ತವೆ. ಮಿಷನ್ನಿನಿಂದ ತೆಗೆದ ಮೇಲೆ ಇಬ್ಬರು ಎದುರುಬದುರು ನಿಂತು, ಮೂಲೆಗಳನ್ನು ಹಿಡಿದು, ಜೋರಾಗಿ ಝಾಡಿಸಿ, ತಲೆಯ ಮೇಲಿನ ತಂತಿಗೆ ಎತ್ತಿ ಹಾಕಬೇಕು. ಈಚೆ ತುದಿ ಅತ್ತಿಗೆಯದು, ಆಚೆ ತುದಿ ನಾದಿನಿಯದು. ಅಣ್ಣ ತೀರಿಕೊಂಡ ಮೇಲೂ ನಾದಿನಿ ಅತ್ತಿಗೆಯನ್ನು ಬಿಟ್ಟು ಹೋಗಿರಲಿಲ್ಲ. ಅವಳು ಬಾಯ್ತುಂಬ ಕರೆದೂ ಕರೆದೂ ಇಡೀ ಲಾಂಡ್ರಿಗೇ ಇವಳು ಅತ್ತಿಗೆಯಾಗಿದ್ದಳು.

ಬಸ್ಸು ಗುದ್ದಿದ ಮೇಲೆ ಈಚೆ ತುದಿ ಮೇಲೇಳುತ್ತಿರಲಿಲ್ಲ.

ಅವತ್ತು ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಅತ್ತಿಗೆ ಮೇಲಿನ ಕಂಬಿಗೆ ಜೋತುಬಿದ್ದು ನಿಂತಿದ್ದಳು. ಮುಂದಿನ ಬಸ್ಸನ್ನು ಹಿಂದೆ ಹಾಕುವ ಆತುರದಲ್ಲಿ ಡ್ರೈವರ್ ಸೇತುವೆಯ ಗೋಡೆಗೆ ಗುದ್ದಿಬಿಟ್ಟ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಅತ್ತಿಗೆ ಬೀಳಲಿಲ್ಲ. ಹಿಡಿದದ್ದನ್ನು ಬಿಡುವ ಕೈ ಅಲ್ಲ ಅದು. ಬಿಟ್ಟಿದ್ದರೆ ಮಂಡಿ ತರಚಿ ಹೋಗುತ್ತಿತ್ತೋ ಏನೋ. ಬಿಡದೆ ಹೋದದ್ದಕ್ಕೆ ಭುಜ ಕಿತ್ತುಬಂತು.

"ಒಳಗೆ ಹರಿದಿದೆ. ಆಪರೇಷನ್ ಆಗಬೇಕು. ತಡ ಮಾಡಿದರೆ ಕೈ ಹೀಗೇ ಬಿಗಿದುಹೋಗುತ್ತೆ" ಅಂದರು ಡಾಕ್ಟರು. ಅಷ್ಟು ಹಣ ಎಲ್ಲಿಂದ ಬರಬೇಕು? ಬಸ್ಸಿನ ಕಂಪನಿ ಕೊಡಬೇಕಾದ ಪರಿಹಾರ ಒಂದೇ ದಾರಿ. ವಕೀಲರು ಧೈರ್ಯ ಹೇಳಿದರು: "ತಪ್ಪು ಡ್ರೈವರದ್ದೇ. ನಿಮ್ಮ ಕೈ ಕೆಲಸಕ್ಕೆ ಬರಲ್ಲ ಅನ್ನೋದು ಜಡ್ಜಿಗೆ ಮನವರಿಕೆಯಾದರೆ ಸಾಕು."

ಲಾಂಡ್ರಿಯ ಮಾಲೀಕನಿಗೆ ಮಾತ್ರ ಆ ಸಂಗತಿ ತಿಳಿಯಬಾರದಾಗಿತ್ತು. ಹಿಂದೆ ಇಸ್ತ್ರಿ ಮೇಜಿನ ಹೆಂಗಸೊಬ್ಬಳು ಅಂಗೈ ಸುಟ್ಟುಕೊಂಡಾಗ, "ವಾಸಿ ಮಾಡ್ಕೊಂಡು ಬಾಮ್ಮ" ಎಂದು ಮಾಲೀಕ ನಯವಾಗಿಯೇ ಕಳಿಸಿದ್ದ. ಅವಳು ಬರುವ ಹೊತ್ತಿಗೆ ಅವಳ ಜಾಗದಲ್ಲಿ ಬೇರೆಯವಳು ನಿಂತಿದ್ದಳು. ಅದಕ್ಕೇ ಲಾಂಡ್ರಿಯ ಹೆಂಗಸರೆಲ್ಲ ಒಂದಾದರು. ನಾದಿನಿ ಎರಡು ತುದಿಯ ಭಾರವನ್ನೂ ತನ್ನ ಕಡೆಗೇ ಎಳೆದುಕೊಂಡಳು. ಅತ್ತಿಗೆಯ ಪಾಲಿಗೆ ದಿಂಬಿನ ಚೀಲಗಳನ್ನು ಉಳಿಸಿ, ಒದ್ದೆ ರಾಶಿಯನ್ನು ಉಳಿದವರು ಹಂಚಿಕೊಂಡರು.

ಸೂಪರ್‌ವೈಸರಿಗೆ ಅನುಮಾನ ಬರದೆ ಇರುತ್ತದೆಯೇ? ಸದಾ ಕೈಗಡಿಯಾರ ನೋಡಿಕೊಳ್ಳುವ ಅವನನ್ನು ಹೆಂಗಸರು ಗಡಿಯಾರ ಎನ್ನುತ್ತಿದ್ದರು.

"ಏನ್ರೇ, ನಿಮ್ಮತ್ತಿಗೆ ಸುಮ್ನೆ ನಿಂತಿದಾಳೆ?"

"ನಿಮ್ಮನ್ನೇ ನೋಡ್ತಿದಾರೆ ಸಾರ್. ಶರಟು ಒಪ್ಪುತ್ತಂತೆ" ಎಂದು ನಾದಿನಿ ಕಿಚಾಯಿಸಿದರೆ ಗಡಿಯಾರ ಕೆಂಪಾಗಿ ಜಾಗ ಖಾಲಿ ಮಾಡುತ್ತಿದ್ದ.

ಮನೆಯಲ್ಲಿ ಮಗಳಿಗೆ ಜಡೆ ಹಾಕುವುದೂ ಕಷ್ಟವಾಗಿತ್ತು. ಅತ್ತಿಗೆ ಮಂಚದ ಮೇಲೆ ಕೂತು, ಮಗಳು ನೆಲಕ್ಕೆ ಕೂತರೆ ಹೇಗೋ ಕೈ ನಿಲುಕುತ್ತಿತ್ತು. "ನಾನು ಇನ್ನು ಉದ್ದ ಆಗಲ್ಲ ಬಿಡಮ್ಮ" ಎಂದಿತು ಮಗು ಒಂದು ದಿನ. ಅತ್ತಿಗೆ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡಳು. ಮಾತಾಡಿದರೆ ಅಳು ಬರುತ್ತಿತ್ತು.

ಹೀಗಿರುವಾಗ ಗಡಿಯಾರ ಒಬ್ಬ ಅಪರಿಚಿತನನ್ನು ಕರೆತಂದ. ಮಡಿಕೆ ಮುರಿಯದ ಬಟ್ಟೆ, ಕೈಯಲ್ಲಿ ಫೋನು.

"ಇವರು ಕೆಲಸ ನೋಡಬೇಕಂತೆ" ಅಂದ, ಅಷ್ಟೇ.

ಮಾಲೀಕನೇ ತಪಾಸಣೆಗೆ ಕಳಿಸಿದ್ದಾನೆ, ಇವತ್ತು ಅತ್ತಿಗೆಯ ಕತೆ ಮುಗಿಯಿತು ಎಂದುಕೊಂಡರು ಹೆಂಗಸರು.

"ಅಪಘಾತ ಆಗಿತ್ತಂತಲ್ಲ ಇವರಿಗೆ. ಕೆಲಸ ಆಗುತ್ತಾ?" ಅವನು ಮೆತ್ತಗೆ ಕೇಳಿದ.

"ಅಯ್ಯೋ ಇಬ್ಬರ ಕೆಲಸ ಒಬ್ಬಳೇ ಮಾಡ್ತಾಳೆ!" ಇಸ್ತ್ರಿ ಮೇಜಿನಿಂದ ಒಬ್ಬಳು.

"ನಮ್ಮನ್ನೆಲ್ಲ ಮೀರಿಸ್ತಾಳೆ ಸಾರ್" ಇನ್ನೊಬ್ಬಳು.

ನಾದಿನಿ ಕಣ್ಣಲ್ಲೇ ಬೇಡ ಅಂದಳು. ಅತ್ತಿಗೆ ಕೇಳಲಿಲ್ಲ. ರಾಶಿಯಿಂದ ಬೆಡ್‌ಶೀಟೊಂದನ್ನು ಎಳೆದುಕೊಂಡು, ತುಟಿ ಕಚ್ಚಿ, ಎರಡೂ ಕೈಯಿಂದ ತಂತಿಯ ಆಚೆಗೆ ಎಸೆದಳು. ಎಸೆದು ನಕ್ಕಳು. ಆತ ಫೋನನ್ನು ಅವಳ ಕಡೆಗೇ ಹಿಡಿದಿದ್ದ. ಆತ ಬೆನ್ನು ಹಾಕುವವರೆಗೂ ನಗುತ್ತಲೇ ಇದ್ದು, ಆಮೇಲೆ ಬಟ್ಟೆ ರಾಶಿಯ ಹಿಂದೆ ಕುಸಿದಳು. ಹೆಂಗಸರು ಸುತ್ತ ನಿಂತು ಮರೆ ಮಾಡಿದರು.

"ಗೆದ್ದುಬಿಟ್ರಿ ಅತ್ತಿಗೆ" ಎಂದು ನಾದಿನಿ ಅವಳ ಬೆವರು ಒರೆಸಿದಳು.

ಆತ ಮಾಲೀಕನ ಕಡೆಯವನಲ್ಲ, ಬಸ್ಸಿನ ಕಂಪನಿಯವನು ಎಂದು ತಿಳಿದದ್ದು ಕೋರ್ಟಿನಲ್ಲಿ. ಕಂಪನಿಯ ವಕೀಲರು ಫೋನನ್ನು ಜಡ್ಜರ ಮುಂದಿಟ್ಟರು. ಅದರೊಳಗೆ ಬೆಡ್‌ಶೀಟು ಮತ್ತೆ ಮತ್ತೆ ಹಾರಿತು, ಅತ್ತಿಗೆ ಮತ್ತೆ ಮತ್ತೆ ನಕ್ಕಳು.

"ಇದು ನೀವೇ ತಾನೆ?" ಆ ವಕೀಲರು ಕೇಳಿದರು.

"ಹೌದು ಸ್ವಾಮಿ."

"ಈಗಲೂ ಅದೇ ಕೆಲಸ ಮಾಡ್ತೀರಾ?"

"ಮಾಡ್ತೀನಿ. ಮಾಡದೆ ಇದ್ರೆ ನನ್ನ ಮಗು..."

"ಮಾಡ್ತೀನಿ ಅಂದ್ರಲ್ಲ, ಅಷ್ಟು ಸಾಕು."

ಟೈಪ್ ಮಾಡುವವನು ಅಷ್ಟನ್ನೇ ಹೊಡೆದುಕೊಂಡ.

ಬೆಂಚಿನಲ್ಲಿದ್ದ ನಾದಿನಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು. "ಅಲ್ಲ ಸ್ವಾಮಿ! ಇವರ ಭಾರ ಎಲ್ಲಾ ನಾವು..."

"ಹೇಳೋದಿದ್ರೆ ಇಲ್ಲಿ ಬಂದು ಪ್ರಮಾಣ ಮಾಡಿ ಹೇಳಮ್ಮ" ಅಂದರು ಜಡ್ಜು. ಗದರಿಸಿದ್ದಲ್ಲ, ಸಮಾಧಾನವಾಗಿಯೇ ಹೇಳಿದರು.

ನಾದಿನಿ ಹೆಜ್ಜೆ ಮುಂದಿಟ್ಟಳು. ಅವಳ ಬೆನ್ನಿನಾಚೆ, ಕೊನೆಯ ಬೆಂಚಿನಲ್ಲಿ, ಕಂಪನಿ ಸಾಕ್ಷಿಗೆಂದು ಕರೆಸಿದ್ದ ಗಡಿಯಾರ ಕಿವಿ ಅಗಲಿಸಿ ಕೂತಿದ್ದ. ಅತ್ತಿಗೆ ಅವನನ್ನು ನೋಡಿದಳು. ಇವಳು ಬಾಯಿ ಬಿಟ್ಟರೆ ನಾಳೆ ಇಬ್ಬರಿಗೂ ಕೆಲಸವಿಲ್ಲ. ಇಬ್ಬರಿಗೆ ಮಾತ್ರವೇ? ಇಸ್ತ್ರಿ ಮೇಜಿನವರಿಗೂ ಇಲ್ಲ.

"ಬೇಡ ಕಣೆ. ಕೂತ್ಕೋ."

"ಅತ್ತಿಗೆ, ನಿಮ್ಮ ಕೈ..."

"ಕೂತ್ಕೋ ಅಂದೆ. ಎತ್ತಿದ್ದು ನಾನೇ ಸ್ವಾಮಿ."

ತೀರ್ಪಿನಲ್ಲಿ ಬಂದದ್ದು ಅಪಘಾತದ ದಿನ ಕಟ್ಟು ಹಾಕಿಸಿದ ಖರ್ಚು ಮಾತ್ರ. ದುಡಿಯುವ ಶಕ್ತಿಗೆ ಕುಂದಿಲ್ಲವಂತೆ. "ನೀವೇ ಹಾಗಂದ್ರೆ ನಾನೇನು ಮಾಡಲಿ?" ಎಂದು ವಕೀಲರು ಕೋಟು ಕಳಚಿದರು. ಬಾಗಿಲಲ್ಲಿ ಗಡಿಯಾರ ಕೈ ನೋಡಿಕೊಂಡ. "ಮಧ್ಯಾಹ್ನದ ಪಾಳಿಗೆ ಬಂದುಬಿಡಿ. ಆಸ್ಪತ್ರೆಯ ರಾಶಿ ಬಿದ್ದಿದೆ."

ಹೋಗಲು ಇದ್ದದ್ದು ಅದೇ ಕಂಪನಿಯ ಬಸ್ಸು. ಕೂರಲು ಜಾಗವಿರಲಿಲ್ಲ. ನಾದಿನಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅತ್ತಿಗೆಯ ನಡು ಹಿಡಿದು ನಿಂತಳು. ಕಂಡಕ್ಟರ್ ಜನರ ನಡುವೆ ನುಸುಳುತ್ತ ಬಂದ.

"ಏನಮ್ಮಾ, ಆಟ ಆಡ್ತಿದೀರಾ? ಮೇಲೆ ಕಂಬಿ ಹಿಡ್ಕೊಳ್ಳಿ. ಬಿದ್ರೆ ನಾವು ಜವಾಬ್ದಾರರಲ್ಲ."

"ಗೊತ್ತು ಕಣಯ್ಯ!" ನಾದಿನಿಯ ಗಂಟಲು ಇಡೀ ಬಸ್ಸಿಗೆ ಕೇಳಿಸಿತು. "ಈಗ ತಾನೆ ಕೋರ್ಟಿನಲ್ಲಿ ಅದನ್ನೇ ಕೇಳಿ ಬರ್ತಿದೀವಿ!"

ಜನ ತಿರುಗಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಕಿಟಕಿಯ ಕಡೆ ಮುಖ ಮಾಡಿದರು. ಬಸ್ಸು ಜೋರಾಗಿ ತಿರುಗಿತು. ಅಭ್ಯಾಸಬಲದಿಂದ ಅತ್ತಿಗೆಯ ಕೈ ಮೇಲಕ್ಕೆ ಹೊರಟಿತು. ಭುಜದವರೆಗೆ ಬಂದು, ಅಲ್ಲೇ ನಿಂತಿತು.