ಸೋಡಕ್ಕ ಕಂಡ ತಳ

ಸೋಡಕ್ಕನಿಗೆ ಕನ್ನಡಕವಿಲ್ಲದೆ ಒಂದು ಗೇಣಿನಾಚೆಗೆ ದೃಷ್ಟಿ ಇರಲಿಲ್ಲ. ಎರಡೂ ಕಣ್ಣಿಗೆ ಮೈನಸ್ ಒಂಬತ್ತು. ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ದೋಣಿಕಟ್ಟೆಯಲ್ಲಿ ಯಾರೋ ಒಮ್ಮೆ ಸೋಡಕ್ಕ ಎಂದು ಕರೆದರು, ಹೆಸರು ಅಂಟಿಕೊಂಡಿತು. ಅವಳಿಗೆ ಅದರ ಬೇಸರವೇನೂ ಇರಲಿಲ್ಲ. ಸ್ವಂತ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕೂಗುತ್ತಿದ್ದಾರೆ ಎಂದುಕೊಂಡು ಹೊಲಿಗೆ ಮುಂದುವರಿಸುತ್ತಿದ್ದಳು.

ಕಟ್ಟೆಯ ಹಿಂದೆ ತಗಡಿನ ಬಾಗಿಲಿನ ಒಂದು ಕೋಣೆ. ಅದರಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಮೇಜು, ಗೋಡೆಗೆ ಮುಖ ಮಾಡಿದ ಒಂದು ಕಿಟಕಿ. ಪ್ರವಾಸಿಗರನ್ನು ಅರ್ಧ ದಿನ ಸಮುದ್ರಕ್ಕೆ ಕರೆದೊಯ್ದು ಹವಳ ತೋರಿಸಿ ತರುವ ದೋಣಿಯೊಂದರ ಈಜುಡುಗೆಗಳೆಲ್ಲ ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ದಪ್ಪ ರಬ್ಬರ್ ಬಟ್ಟೆಯ, ಮೈಗಂಟುವ ನೀಲಿ ಸೂಟುಗಳು. ವಾರಕ್ಕೆ ಎರಡು ಮೂಟೆ. ಅವಳು ಸಮುದ್ರವನ್ನು ಬಲ್ಲದ್ದು ಆ ಮೂಟೆಗಳಿಂದ. ಹೊಲಿಗೆ ಬಿಚ್ಚಿದರೆ ಮರಳು ಉದುರುತ್ತಿತ್ತು. ಒಮ್ಮೊಮ್ಮೆ ಉಗುರಿನಷ್ಟು ಶಂಖ. ಹರಿದಿರುತ್ತಿದ್ದದ್ದು ಮಾತ್ರ ಯಾವಾಗಲೂ ಮಂಡಿ.

ಇದು ಅವಳ ತಲೆ ತಿನ್ನುತ್ತಿತ್ತು. ಮನುಷ್ಯ ನೀರಿನ ಮೇಲೆ ಬೋರಲಾಗಿ ತೇಲುತ್ತಾ ಕೆಳಗೆ ನೋಡುತ್ತಾನೆ. ಕಲ್ಲು ತಾಗುವುದಾದರೆ ಎದೆಗೆ ತಾಗಬೇಕು, ಹೊಟ್ಟೆಗೆ ತಾಗಬೇಕು. ಮಂಡಿಗೇ ಏಕೆ? ದೋಣಿಯ ಗೈಡ್ ಹುಡುಗಿಯನ್ನು ಕೇಳಿದಳು. ಅವಳು ಜನರಿಗೆ ಈಜು ಬರುವುದಿಲ್ಲ ಎಂದಳು. ದೋಣಿಯ ಯಜಮಾನನನ್ನು ಕೇಳಿದಳು. ಮಂಡಿ ಹರಿದರೆ ನಿನಗೆ ಲಾಭ ತಾನೇ, ಸುಮ್ಮನೆ ಹೊಲಿ ಎಂದ. ಮೊದಲು ಹೀಗಿರಲಿಲ್ಲ ಎಂಬುದೂ ಅವಳಿಗೆ ನೆನಪಿತ್ತು. ಕೆಲವು ವರ್ಷಗಳ ಹಿಂದೆ ಕುಂಡೆ ಹರಿದು ಬರುತ್ತಿತ್ತು, ಮೊಣಕೈ ಹರಿದು ಬರುತ್ತಿತ್ತು. ಆಮೇಲೆ ಮಂಡಿ, ಬರೀ ಮಂಡಿ.

ಈ ಸೀಸನ್ನಿನ ಕೊನೆಯ ವಾರ ಯಜಮಾನ ಬಂದು ಬಾಗಿಲಲ್ಲೇ ನಿಂತ. ಮುಂದಿನ ಸಲ ಮಂಡಿಗೆ ಗಟ್ಟಿ ರಬ್ಬರ್ ಪಟ್ಟಿ ಇರುವ ಹೊಸ ಸೂಟುಗಳು ಬರುತ್ತವೆ, ಅವಕ್ಕೆ ರಿಪೇರಿಯೇ ಬೇಡವಂತೆ, ಎಂದ. ಮುಖ ನೋಡಿ ಹೇಳಲಾಗದೆ ಯಂತ್ರದ ಚಕ್ರ ನೋಡಿಕೊಂಡು ಹೇಳಿದ. ಕೊನೆಗೆ, ಭಾನುವಾರದ ಟ್ರಿಪ್ಪಿನಲ್ಲಿ ಎರಡು ಸೀಟು ಖಾಲಿ ಇದೆ, ತಮ್ಮನನ್ನು ಕರಕೊಂಡು ಬಾ ಎಂದ. ಕೆಲಸ ಹೋಯಿತೆಂದು ಸೋಡಕ್ಕನಿಗೆ ತಿಳಿಯಿತು. ಸೀಟಿಗೆ ಮಾತ್ರ ತಕ್ಷಣ ಒಪ್ಪಿದಳು. ಆ ಮಂಡಿಯ ಸಂಗತಿ ತಿಳಿಯಲು ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ತೊಂದರೆ ಇದ್ದದ್ದು ಕಣ್ಣಿನದು. ಮುಖಕ್ಕೆ ಹಾಕುವ ನೀರಿನ ಮಾಸ್ಕಿನೊಳಗೆ ಕನ್ನಡಕ ಹಿಡಿಸುವುದಿಲ್ಲ. ಕಣ್ಣೊಳಗೆ ಇಡುವ ಲೆನ್ಸ್ ಒಮ್ಮೆ ಹಾಕಿ ನೋಡಿದ್ದಳು, ಮೂರು ದಿನ ಕಣ್ಣು ಕೆಂಡವಾಗಿತ್ತು. ಅವಳ ತಮ್ಮ ಒಂದು ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದ. ದೋಣಿಯಿಂದ ಒಂದು ಮಾಸ್ಕ್ ತರಿಸಿಕೊಂಡು, ಅಕ್ಕನ ಹಳೆಯ ಕನ್ನಡಕದ ಗಾಜುಗಳನ್ನು ಬಿಡಿಸಿ, ಅಂಚು ಉಜ್ಜಿ, ಮಾಸ್ಕಿನ ಒಳಮೈಗೆ ಅಂಟಿಸಿಕೊಟ್ಟ. ಆಪತ್ತಿಗೆಂದು ಇಟ್ಟಿದ್ದ ಕನ್ನಡಕ ಅದೊಂದೇ. ಹೋದರೆ ಹೋಯಿತು ಎಂದಳು.

ಗುರುತಿಗೆ ಏನಾದರೂ ಕಟ್ಟಿಕೋ ಎಂದು ತಮ್ಮ ಹೇಳಿದ.

"ನನ್ನ ಹೊಲಿಗೆ ಇದೆಯಲ್ಲೋ ಇದರ ಪಟ್ಟಿ ಮೇಲೆ. ಕತ್ತಲಲ್ಲಿ ಮುಟ್ಟಿದ್ರೂ ನಂಗೆ ಗೊತ್ತಾಗುತ್ತೆ."

ಅದು ನಿಜ. ಮಾಸ್ಕಿನ ರಬ್ಬರ್ ಪಟ್ಟಿ ಕೂದಲು ಎಳೆಯುತ್ತದೆ ಎಂದು ಹೆಂಗಸರು ದೂರಿದ್ದಕ್ಕೆ, ಪಟ್ಟಿಯ ಮೇಲೆ ಮೆತ್ತನೆಯ ಬಟ್ಟೆಯ ಕವಚ ಹೊಲಿದುಕೊಟ್ಟವಳು ಅವಳೇ. ಎರಡು ಸಾಲು ಕೆಂಪು ದಾರ, ಒತ್ತೊತ್ತಾಗಿ. ಕೋಣೆಯ ಮೇಜಿನ ಮೇಲೆ ಒಂದೇ ಮಾಸ್ಕ್ ಇದ್ದಾಗ ಆ ಕೆಂಪು ದೊಡ್ಡ ಗುರುತಾಗಿಯೇ ಕಂಡಿತು.

ಭಾನುವಾರ ಬೆಳಿಗ್ಗೆ ದೋಣಿಯಲ್ಲಿ ಹನ್ನೆರಡು ಜನ. ಒಂದು ಆಫೀಸಿನವರ ಗುಂಪು, ಒಬ್ಬ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ, ಅಕ್ಕ, ತಮ್ಮ. ಮೊದಲು ಹವಳದ ದಿಬ್ಬ, ಆಮೇಲೆ ಬಾಳೆಹಣ್ಣಿನ ಆಕಾರದ ರಬ್ಬರ್ ತೆಪ್ಪದ ಮೇಲೆ ಕೂರಿಸಿ ಎಳೆದಾಡುವುದು. ತಮ್ಮ ಬಂದಿದ್ದೇ ಆ ಬಾಳೆಹಣ್ಣಿಗಾಗಿ. ವಾರವಿಡೀ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ದಿಬ್ಬದ ಹತ್ತಿರ ಲಂಗರು ಬಿದ್ದ ಮೇಲೆ ಗೈಡ್ ಹುಡುಗಿ ಒಂದು ಟಬ್ಬಿನಲ್ಲಿ ಶಾಂಪೂ ನೀರು ಕಲಸಿದಳು. ಗಾಜಿಗೆ ಹಬೆ ಹಿಡಿಯದಿರಲಿ ಎಂದು ಮಾಸ್ಕುಗಳನ್ನೆಲ್ಲ ಅದರಲ್ಲಿ ಅದ್ದಿ, ಆಮೇಲೆ ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳುವುದು ಆ ದೋಣಿಯ ಪದ್ಧತಿ. ಮಾಸ್ಕ್ ಹಾಕಿ ಎಂದಳು. ಸೋಡಕ್ಕನ ಕೋಣೆಯಲ್ಲೂ ಉಪ್ಪುಗಟ್ಟಿದ ಬಟ್ಟೆಯನ್ನು ಮೊದಲು ಟಬ್ಬಿಗೆ ಹಾಕಿಯೇ ಕೆಲಸ ಶುರು. ಕೈ ತಾನಾಗಿ ಹೋಯಿತು. ತನ್ನ ಮಾಸ್ಕನ್ನೂ ಟಬ್ಬಿಗೆ ಹಾಕಿದಳು. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಚೀಲದಲ್ಲಿಟ್ಟು, ಚೀಲದ ಜಿಪ್ ಎಳೆದು ಬರುವಷ್ಟರಲ್ಲಿ ಆಫೀಸಿನವರು ದಬದಬನೆ ನೀರಿಗೆ ಬಿದ್ದಾಗಿತ್ತು. ತಮ್ಮನೂ ಅವರ ಹಿಂದೆಯೇ.

ಟಬ್ಬಿನಲ್ಲಿ ಕೈಯಾಡಿಸಿ ಕೆಂಪು ಹೊಲಿಗೆ ಹುಡುಕಿದಳು. ಸಿಕ್ಕಿತು. ಅದರ ಕೆಳಗಿನ ಮಾಸ್ಕಿಗೂ ಕೆಂಪು ಹೊಲಿಗೆ. ಅದರ ಕೆಳಗಿನದಕ್ಕೂ. ಎರಡು ಸಾಲು, ಒತ್ತೊತ್ತಾಗಿ. ಇಡೀ ದೋಣಿಯ ಮಾಸ್ಕುಗಳಿಗೆ ಕವಚ ಹೊಲಿದವಳು ತಾನೇ ಎಂಬುದು ಆಗ ಹೊಳೆಯಿತು. ಮತ್ತೆ ಜಿಪ್ ತೆಗೆದು ಕನ್ನಡಕ ಹಾಕಿಕೊಂಡು ಟಬ್ಬಿನ ಮಾಸ್ಕುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಯಾವುದರಲ್ಲೂ ಅಂಟಿಸಿದ ಗಾಜಿಲ್ಲ.

ಯಾರೋ ಹಾಕಿಕೊಂಡು ಹೋಗಿದ್ದರು. ಹುಡುಗಿ ದೋಣಿಯ ಅಂಚಿಗೆ ಬಂದು, ಯಾರಿಗಾದರೂ ಸರಿಯಾಗಿ ಕಾಣುತ್ತಿಲ್ಲವೇ ಎಂದು ಕೂಗಿದಳು. ನೀರಿನಿಂದ ಹೆಬ್ಬೆರಳುಗಳು ಎದ್ದವು, ಎಲ್ಲ ಚೆನ್ನಾಗಿದೆ ಎಂದು. ಹಲ್ಲಿನ ಡಾಕ್ಟರಂತೂ ತಲೆಯೆತ್ತಿ, ಸೂಪರ್ ಆಗಿದೆ, ಎರಡು ಆಮೆ ನೋಡಿದೆ ಎಂದರು. ಸೋಡಕ್ಕನಿಗೆ ಇದು ಅರ್ಥವಾಗಲಿಲ್ಲ. ತನ್ನ ಗಾಜಿನಲ್ಲಿ ಒಳ್ಳೆಯ ಕಣ್ಣಿನವನಿಗೆ ತನ್ನ ಕೈಬೆರಳೂ ನೆಟ್ಟಗೆ ಕಾಣಬಾರದು. ಹಾಗಾದರೆ ಅದು ಯಾರ ಮುಖದ ಮೇಲಿದೆ?

ದಿಬ್ಬದ ಹತ್ತಿರ ಇರುವುದು ಒಂದು ಗಂಟೆ. ಕೂತರೆ ಅದೂ ಹೋಗುತ್ತದೆ. ಅವಳು ಟಬ್ಬಿನ ಬರೀ ಮಾಸ್ಕೊಂದನ್ನು ಹಾಕಿಕೊಂಡು, ಲೈಫ್ ಜಾಕೆಟ್ ಬಿಗಿದುಕೊಂಡು ಏಣಿಯಿಂದ ಇಳಿದಳು. ಕೆಳಗೆ ಕಂಡದ್ದು ಕಂದು, ಹಳದಿ, ಒಂದಿಷ್ಟು ನೇರಳೆ. ಕೆಲವು ಬಣ್ಣ ಅಲ್ಲಾಡುತ್ತಿದ್ದವು. ಅವು ಮೀನು ಇರಬಹುದು, ಮನುಷ್ಯರ ಕಾಲೂ ಇರಬಹುದು. ತಮ್ಮ ಅವಳ ಕೈ ಹಿಡಿದುಕೊಂಡು ಈಜುತ್ತಾ, ಆಗಾಗ ಬಾಯಿಂದ ಉಸಿರಾಟದ ಕೊಳವೆ ತೆಗೆದು, ಅಲ್ಲಿ ಪಟ್ಟೆ ಮೀನು, ಇಲ್ಲಿ ಮೆದುಳಿನ ಥರದ ಕಲ್ಲು ಎಂದು ವರದಿ ಕೊಡತೊಡಗಿದ. ಅವನ ಮನಸ್ಸು ಒಳ್ಳೆಯದೇ. ಆದರೂ ಅವಳಿಗೆ ರೇಗಿತು.

"ನೀನು ನೋಡಿದ್ದನ್ನ ನಂಗ್ಯಾಕೋ ಹೇಳ್ತೀಯಾ? ಹೇಳಿಸ್ಕೊಳ್ಳೋದಾಗಿದ್ರೆ ಕೋಣೆಯಲ್ಲೇ ಕೂತು ಹೇಳಿಸ್ಕೊಳ್ತಿದ್ದೆ."

ಅವನು ಕೈ ಬಿಟ್ಟ. ಬಿಡಲಿ ಎಂದು ಅವಳೂ ಬೇರೆ ಕಡೆ ತಿರುಗಿದಳು.

ಗಂಟೆಯಲ್ಲಿ ಅರ್ಧ ಹೀಗೆ ಹೋದ ಮೇಲೆ ಏಣಿಯ ಹತ್ತಿರ ಗದ್ದಲವಾಯಿತು. ಡಾಕ್ಟರು ಮೇಲೆ ಹತ್ತಲು ಹೋಗಿ ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟು ಜಾರಿದ್ದರು. ಹೇಗೋ ಹತ್ತಿದವರು ದೋಣಿಯ ಅಂಚಿಗೆ ಬಗ್ಗಿ, ಬೆಳಿಗ್ಗೆ ತಿಂದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದರು. ಹೆಂಡತಿ ನೀರಿನಲ್ಲೇ ತೇಲುತ್ತಾ ಕೇಳಿದರು:

"ರೀ, ಎರಡು ಆಮೆ ನೋಡಿದೆ ಅಂದ್ರಲ್ಲ. ಯಾವ ಆಮೆ ನೋಡಿ ಹಿಂಗಾಯ್ತು?"

"ಒಂದೂ ನೋಡಿಲ್ಲ ಕಣೆ. ಎಲ್ಲಾ ಸಾಸಿವೆ ಕಾಳಿನಷ್ಟು ಕಾಣುತ್ತೆ, ಅದೂ ಮಂಜು ಮಂಜು."

"ಮತ್ತೆ ಹೇಳಬಾರದಾ?"

ಡಾಕ್ಟರು ಬಾಯಿ ಒರೆಸಿಕೊಂಡರು. ಮಾಸ್ಕ್ ಕಳಚಿ ಕೆಳಗಿಟ್ಟರು. ಆಮೇಲೆ ತಿಳಿದದ್ದು ಇಷ್ಟು. ಟಬ್ಬಿಗೆ ಮೊದಲು ಕೈಹಾಕಿದವರು ಅವರೇ. ಒಂದು ಮಾಸ್ಕಿನಲ್ಲಿ ಮಾತ್ರ ಒಳಗೆ ಬೇರೆ ಗಾಜು ಕೂರಿಸಿದ್ದು ಕಂಡಿತು. ದುಬಾರಿ ಮಾದರಿ ಇರಬೇಕೆಂದು ಆರಿಸಿಕೊಂಡಿದ್ದರು. ಒಳ್ಳೆಯದನ್ನು ಆರಿಸಿದ್ದೇನೆ ಎಂದು ಹೆಂಡತಿಗೆ ಹೇಳಿಯೂ ಬಿಟ್ಟಿದ್ದರು. ಆಮೇಲೆ ಕಾಣುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಬೆ ಹಿಡಿದಿದೆಯೆಂದು ಒಳಗಾಜನ್ನು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿದ್ದರು ಬೇರೆ. ಸೋಡಕ್ಕನಿಗೆ ಕ್ಷಮೆ ಕೇಳಿದರು. ಅವಳು ಪರವಾಗಿಲ್ಲ ಎಂದು, ಮಾಸ್ಕ್ ತೊಳೆದು, ಹಾಕಿಕೊಂಡು, ಮುಖ ನೀರಿಗೆ ಹಾಕಿದಳು.

ಕಂಡಿತು.

ತಳ ಅವಳು ಎಣಿಸಿದಷ್ಟು ಆಳದಲ್ಲಿರಲಿಲ್ಲ. ದಿಬ್ಬ ಒಂದೇ ಸಮನಾಗಿಯೂ ಇರಲಿಲ್ಲ. ಒಂದು ಕಡೆ ಎದೆಮಟ್ಟಕ್ಕೆ ಬಂದು, ಆಮೇಲೆ ಥಟ್ಟನೆ ಎರಡಾಳು ಇಳಿದಿತ್ತು. ಕೊಂಬಿನಂಥ ಹವಳ, ತಟ್ಟೆಯಂಥ ಹವಳ, ಸಂದುಗಳಲ್ಲಿ ಕಪ್ಪು ಮುಳ್ಳುಚೆಂಡುಗಳು. ಒಂದು ಮೀನು ಕಲ್ಲನ್ನು ಕಚ್ಚುತ್ತಿತ್ತು. ಕಚ್ಚುವ ಸದ್ದು ಕಿವಿಗೆ ಕೇಳಿತು, ಕಟಕ್ ಕಟಕ್ ಎಂದು. ಮೀನಿಗೆ ಸದ್ದಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಡಾಕ್ಟರು ಉಜ್ಜಿದ ಎಡಗಾಜು ಬಿಟ್ಟುಕೊಂಡು ಮಾಸ್ಕಿನ ಮೂಗಿನ ಗುಳಿಗೆ ಬಿತ್ತು. ಅವಳು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುವುದನ್ನು ಮುಂದುವರಿಸಿದಳು. ಸೂಜಿಗೆ ದಾರ ಪೋಣಿಸುವವಳಿಗೆ ಒಂಟಿಗಣ್ಣು ಹೊಸದಲ್ಲ.

ಆಫೀಸಿನ ಗುಂಪಿನ ಒಬ್ಬ ಮುಂದೆ ಈಜುತ್ತಿದ್ದ. ನಾಲ್ಕು ಸಲ ಕಾಲು ಬಡಿದ. ಕೈ ತಲೆಯ ಹಿಂದಕ್ಕೆ ಹೋಯಿತು. ಮತ್ತೆ ಬಡಿದ, ಮತ್ತೆ ಕೈ ಹಿಂದಕ್ಕೆ. ಆಮೇಲೆ ಅತ್ತಿತ್ತ ನೋಡಿ, ದಿಬ್ಬ ಎತ್ತರವಿದ್ದ ಕಡೆಗೆ ಹೋಗಿ, ತಟ್ಟೆಯಂಥ ಹವಳದ ಮೇಲೆ ಎರಡೂ ಮಂಡಿ ಊರಿ, ಎರಡೂ ಕೈಯಿಂದ ಮಾಸ್ಕಿನ ಪಟ್ಟಿ ಬಿಗಿದುಕೊಂಡ. ಎದ್ದು ಹೋದ. ಅವನ ಮಂಡಿ ಇದ್ದಲ್ಲಿ ಬಿಳಿಯ ಗೀರು. ಪಕ್ಕದಲ್ಲಿ ಹಳೆಯ ಗೀರುಗಳು. ಹವಳದ ಹಲ್ಲಿಗೆ ಸಿಕ್ಕಿಕೊಂಡ ನೀಲಿ ರಬ್ಬರ್ ಚೂರುಗಳು. ಆ ಬಟ್ಟೆ ಯಾವ ಸೂಟಿನದೆಂದು ಅವಳು ಹೇಳಬಲ್ಲವಳಾಗಿದ್ದಳು. ಕೆರೆದ ಜಾಗಕ್ಕೆ ಪುಟ್ಟ ಮೀನುಗಳು ಏನು ಸಿಕ್ಕೀತೆಂದು ನುಗ್ಗಿದವು.

ಒಬ್ಬ ಮಾಡಿದರೆ ಅದು ಅವನ ಚಾಳಿ. ಅವಳು ಕಾದಳು. ಇನ್ನೊಬ್ಬಳು ಬಂದಳು. ಅದೇ ಕೈ, ಅದೇ ಹವಳ, ಅದೇ ಮಂಡಿ. ಡಾಕ್ಟರ ಹೆಂಡತಿಯೂ ಹಾಗೆಯೇ. ಒದ್ದೆ ಕೂದಲ ಮೇಲೆ ಆ ಮೆತ್ತನೆಯ ಬಟ್ಟೆ ನಿಲ್ಲುತ್ತಿರಲಿಲ್ಲ. ಬರೀ ರಬ್ಬರಾಗಿದ್ದರೆ ಕೂದಲು ಕಿತ್ತರೂ ಹಿಡಿದುಕೊಳ್ಳುತ್ತಿತ್ತು.

ದೋಣಿಯಲ್ಲಿ ಸೀಟಿ ಊದಿದರು. ಅವಳು ಹೋಗಲಿಲ್ಲ. ಇನ್ನೊಬ್ಬನನ್ನು ನೋಡಿ ಖಾತ್ರಿ ಮಾಡಿಕೊಂಡಳು. ಎರಡನೆಯ ಸೀಟಿ ಊದುವಾಗ ಅವಳ ತಲೆಯ ಹಿಂದಿನ ಪಟ್ಟಿಯೂ ಜಾರಿತು. ಮಂಡಿ ಊರಲು ಎದುರಿಗೇ ಹವಳವಿತ್ತು. ಊರಲಿಲ್ಲ. ಲೈಫ್ ಜಾಕೆಟ್ಟಿನ ಮೇಲೆ ತೇಲುತ್ತಲೇ ಮಾಸ್ಕ್ ಎತ್ತಿ ಪಟ್ಟಿ ಸರಿಮಾಡಿಕೊಂಡಳು. ಎತ್ತಿದಾಗ ಮೂಗಿನ ಗುಳಿಯಲ್ಲಿದ್ದ ಗಾಜು ಹೊರಗೆ ಜಾರಿತು. ಮತ್ತೆ ಹಾಕಿಕೊಂಡು ನೋಡುವಾಗ ಅದು ಆ ಕಡೆ ಈ ಕಡೆ ವಾಲುತ್ತಾ ಇಳಿಯುತ್ತಿತ್ತು. ಮುಳ್ಳುಚೆಂಡುಗಳ ಸಂದಿನೊಳಗೆ ಹೋಯಿತು.

ಗೈಡ್ ಹುಡುಗಿ ಎರಡು ಸಲ ಮುಳುಗಿ ಬರಿಗೈಯಲ್ಲಿ ಎದ್ದಳು. ಮೂರನೆಯ ಸಲ ಬೇಡ, ಮುಳ್ಳು ಚುಚ್ಚುತ್ತದೆ ಎಂದು ಸೋಡಕ್ಕನೇ ತಡೆದಳು. ಅಷ್ಟು ಹೊತ್ತಿಗೆ ಬಾಳೆಹಣ್ಣಿನ ವೇಳೆ ಮುಗಿದಿತ್ತು. ಮಧ್ಯಾಹ್ನದ ತಂಡ ಕಟ್ಟೆಯಲ್ಲಿ ಕಾಯುತ್ತಿದೆ ಎಂದು ಯಜಮಾನ ಲಂಗರು ಎತ್ತಿಸಿದ. ಆಫೀಸಿನವರು ಗೊಣಗಿದರು. ತಮ್ಮ ಮುಖ ಊದಿಸಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂತ.

ಸೋಡಕ್ಕ ಕನ್ನಡಕ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲೇ ಯಜಮಾನನ ಪಕ್ಕ ನಿಂತಳು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಪಟ್ಟಿ ಜಾರುವುದು, ಜನ ದಿಬ್ಬ ಹುಡುಕುವುದು, ಮಂಡಿ ಊರುವುದು. ಆ ಕವಚ ಹೊಲಿದ ಮೇಲೆಯೇ ಮಂಡಿ ಹರಿಯತೊಡಗಿದ್ದು ಎಂದೂ ಹೇಳಿದಳು. ಅವನು ಚುಕ್ಕಾಣಿಯಿಂದ ಕಣ್ಣು ಕೀಳದೆ ಕೇಳಿಸಿಕೊಂಡ.

"ಅಂದ್ರೆ ನಿನ್ನ ಹೊಲಿಗೆಯಿಂದ ಹರಿದದ್ದನ್ನ ನೀನೇ ಹೊಲೀತಿದ್ದೆ."

"ಹೂಂ."

"ಇದನ್ನ ಹೋದ ತಿಂಗಳು ಹೇಳಿದ್ರೆ ನಾನು ಹೊಸ ಸೂಟಿಗೆ ಆರ್ಡರ್ ಕೊಡ್ತಿರಲಿಲ್ಲವಲ್ಲ ಮಾರಾಯ್ತಿ."

"ಹೋದ ತಿಂಗಳು ನನ್ನನ್ನ ಯಾರು ಕರ್ಕೊಂಡು ಬಂದಿದ್ರು?"

 ಆರ್ಡರ್ ಹಿಂತೆಗೆಯಲು ಬರುವುದಿಲ್ಲ, ಕವಚ ಬೇಕಾದರೆ ಬಿಚ್ಚಿಸುತ್ತೇನೆ ಎಂದ. ಅವಳು ಹುಡುಗಿಯಿಂದ ಸಣ್ಣ ಕತ್ತರಿ ಇಸಿದುಕೊಂಡು ಕೆಳಗೆ ಕೂತು, ಕಟ್ಟೆ ಬರುವಷ್ಟರಲ್ಲಿ ಎಲ್ಲ ಮಾಸ್ಕುಗಳ ಕೆಂಪು ದಾರ ಬಿಚ್ಚಿದಳು. ಡಾಕ್ಟರ ಹೆಂಡತಿ ಪಕ್ಕ ಕೂತು ಬಿಚ್ಚಿದ ಬಟ್ಟೆಗಳನ್ನು ಮಡಿಸಿಟ್ಟರು. ಮೀನು ಕಚ್ಚುವ ಸದ್ದು ನಿಮಗೂ ಕೇಳಿತೇ ಎಂದು ಸೋಡಕ್ಕ ಅವರನ್ನು ಕೇಳಿದಳು. ಅವರು ಗಮನಿಸಿರಲಿಲ್ಲ.

ಆ ದಿನ ಹೋದದ್ದು ಇಷ್ಟು: ಎಡಗಣ್ಣಿನ ಗಾಜು ಒಂದು, ಡಾಕ್ಟರ ಬೆಳಗಿನ ತಿಂಡಿ, ಬಾಳೆಹಣ್ಣಿನ ಸವಾರಿ ಒಂದು, ವಾರಕ್ಕೆ ಎರಡು ಮೂಟೆ ಮಂಡಿ.