ಹಿಂಭಾರ

"ಕಾಲ್ ತೆಗಿಯೇ ಮುಂಡೆ. ದ್ಯಾವ್ರ ಕಲ್ಲದು, ನಿಮ್ಮಪ್ಪನ ಮನೆ ಜಗಲಿ ಅಲ್ಲ."

ಹೆಗಲ ಮೇಲೆ ಕಲ್ಲುಕೂಚದ ತುದಿ ಹೊತ್ತಿದ್ದ ಲಕ್ಕಮ್ಮ, ಟ್ರೇಲರಿನ ಮುಂಭಾಗದಲ್ಲಿ ಊರಿದ್ದ ಕಾಲನ್ನು ಹಿಂದಕ್ಕೆ ತೆಗೆದಳು. ಕೂಚದ ಇನ್ನೊಂದು ತುದಿ ಗಂಗಲಕ್ಷ್ಮಮ್ಮನ ಹೆಗಲ ಮೇಲಿತ್ತು. ಅವಳೂ ತಡವರಿಸಿದಳು. ಏಳಡಿ ಕಲ್ಲುಕಂಬ ಇಬ್ಬರ ನಡುವೆ ಒಮ್ಮೆ ತೂಗಾಡಿ ನಿಂತಿತು.

ಬೈದವನು ಊರಿನ ಗೌಡ ವೆಂಕಟರಾಮಪ್ಪ. ಕೆರೆಯ ಆಚೆ ದಡದಲ್ಲಿ ಅವನು ಹೊಸದಾಗಿ ದ್ರಾಕ್ಷಿ ತೋಟ ಇಟ್ಟಿದ್ದ. ಅದರ ಚಪ್ಪರಕ್ಕೆ ನೆಡುವ ಕೂಚಗಳನ್ನು ಕೇರಿಯ ಕೂಲಿಯವರು ಬಂಡೆಯ ಬಳಿಯಿಂದ ಹೊತ್ತು ಟ್ರೇಲರಿಗೆ ತುಂಬುತ್ತಿದ್ದರು. ಅದೇ ಬಂಡೆಯಲ್ಲಿ ಊರ ದೇವಸ್ಥಾನಕ್ಕೆಂದು ಅವನು ಹರಕೆ ಹೊತ್ತು ಕಡೆಸಿದ ಹೊಸ್ತಿಲು ಕಲ್ಲೂ ಸಿದ್ಧವಾಗಿತ್ತು. ಅದಕ್ಕೆ ಅರಿಶಿನ ಬಳಿದು, ಕುಂಕುಮವಿಟ್ಟು, ಟ್ರೇಲರಿನ ಮುಂಭಾಗದಲ್ಲಿ ಹುಲ್ಲು ಹಾಸಿ ಮಲಗಿಸಿದ್ದರು. ಅದರ ಸುತ್ತ ನಾಲ್ಕಡಿ ಜಾಗ ಖಾಲಿ. ಅಲ್ಲಿ ಕೇರಿಯವರ ಕಾಲು ಬೀಳಬಾರದು, ಅವರು ಹೊತ್ತ ಕಲ್ಲೂ ತಾಗಬಾರದು.

"ಒಡೆದೋರು ಮುಟ್ಟೇ ಅಲ್ವರಾ ಸ್ವಾಮಿ ಒಡೆದಿದ್ದು?" ಗಂಗಲಕ್ಷ್ಮಮ್ಮ ಕೇಳಿದಳು. ಕೇರಿಯಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಒಡೆಯೋವಾಗ ಕಲ್ಲು. ಅರಿಶಿನ ಬಿದ್ದ ಮ್ಯಾಕೆ ದ್ಯಾವ್ರು. ನಿಂಗ್ಯಾಕಮ್ಮಿ ಆ ಪುರಾಣ, ಹೊತ್ತಾಕು."

ಹೊಸ್ತಿಲಿನ ಹರಕೆಗೆಂದು ಅವನು ಬೆಳಿಗ್ಗೆ ಮಿಂದು ಮಡಿ ಪಂಚೆ ಉಟ್ಟು ಬಂದಿದ್ದ. ಹೆಂಗಸರು ಹತ್ತಿರ ಹಾದಾಗಲೆಲ್ಲ ಪಂಚೆಯನ್ನು ಮೊಣಕಾಲ ತನಕ ಎತ್ತಿಕೊಳ್ಳುತ್ತಿದ್ದ.

ಲಕ್ಕಮ್ಮನ ಗಂಡ ಪಿಳ್ಳಣ್ಣನ ಪಾದ ಜಜ್ಜಿಹೋಗಿ ವರ್ಷ ತುಂಬುತ್ತಾ ಬಂದಿತ್ತು. ಕುಳಿತು ಮಾಡುವ ಕೆಲಸ ಊರಿನಲ್ಲಿ ಯಾರೂ ಕೊಟ್ಟಿರಲಿಲ್ಲ. ದ್ರಾಕ್ಷಿ ತೋಟದ ಕಾವಲು ಪಿಳ್ಳಣ್ಣನಿಗೇ ಎಂದು ವೆಂಕಟರಾಮಪ್ಪ ಮಾತು ಕೊಟ್ಟಿದ್ದ. ಕೂಚ ಬಂದು ಬೀಳುವ ಈ ದಿನವೇ ಶುರು. ಪಿಳ್ಳಣ್ಣ ನಸುಕಿಗೇ ಎದ್ದು, ಒಗೆದ ಅಂಗಿ ತೊಟ್ಟು, ಊರುಗೋಲು ಹಿಡಿದು ತೋಟದ ಕಡೆ ಹೊರಟುಹೋಗಿದ್ದ. ಆ ಅಂಗಿಯನ್ನು ನೆನೆದು ಅವಳು ಬೈಗುಳ ನುಂಗಿಕೊಂಡಳು.

ಗಂಗಲಕ್ಷ್ಮಮ್ಮ ತಾನಿದ್ದ ಕಡೆಯ ಕೂಚವನ್ನು ಒಂದು ಗೇಣು ತನ್ನ ಕಡೆಗೆ ಜಗ್ಗಿಕೊಂಡಳು. ಭಾರ ಅವಳ ಕಡೆಗೆ ವಾಲಿತು. ಹಾಗೆ ಮಾಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಲಕ್ಕಮ್ಮನ ಹೆಗಲಿಗೆ ಮಾತ್ರ ಗೊತ್ತಾಯಿತು.

ಮುಂದಿನ ಜಾಗ ಬಿಟ್ಟು ತುಂಬಿದ್ದರಿಂದ ಕೂಚಗಳೆಲ್ಲ ಹಿಂದಕ್ಕೆ ಸರಿದು, ಹಿಂಬಾಗಿಲು ದಾಟಿ ಹೊರಕ್ಕೆ ಚಾಚಿಕೊಂಡವು. ಕೇರಿಯ ರಾಮಾಂಜಿನಪ್ಪ ಕೂಚಗಳ ಮೇಲೆ ನಿಂತು ಹಗ್ಗ ಬಿಗಿಯುತ್ತಾ ತಲೆಯಾಡಿಸಿದ. ಟ್ರ್ಯಾಕ್ಟರ್ ಓಡಿಸುವ, ವೆಂಕಟರಾಮಪ್ಪನ ಅಣ್ಣನ ಮಗ ಮುನಿಕೃಷ್ಣ ಕೆಳಗಿಳಿದು ಬಂದು, ಟ್ರೇಲರನ್ನು ಟ್ರ್ಯಾಕ್ಟರಿಗೆ ಸೇರಿಸುವ ಕಬ್ಬಿಣದ ಮೂಕಿಯನ್ನು ಕಾಲಿನಿಂದ ಒತ್ತಿ ನೋಡಿದ. ಅದು ಮೇಲಕ್ಕೆ ಜಗ್ಗುತ್ತಿತ್ತು.

"ಚಿಕ್ಕಪ್ಪ, ಹಿಂಭಾರ ಆಗೋಯ್ತು."

ಎತ್ತಿನ ಗಾಡಿ ಹೊಡೆದ ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಟ್ರ್ಯಾಕ್ಟರಿಗಾದರೆ ಹಿಂದಿನ ದೊಡ್ಡ ಚಕ್ರ ನೆಲದ ಮೇಲೆ ಹಗುರಾಗಿ, ಏರಿನಲ್ಲಿ ಹಿಡಿತ ಬಿಟ್ಟುಕೊಡುತ್ತದೆ. ಬಾಲ ಎತ್ತ ಎಳೆದರೆ ಅತ್ತ. ವೆಂಕಟರಾಮಪ್ಪನಿಗೂ ಇದು ಗೊತ್ತಿತ್ತು. ಅವನ ಅಪ್ಪನೂ ಗಾಡಿ ಹೊಡೆದವನೇ.

"ಆದ್ರೆ ಆಗ್ಲಿ. ಏರಿ ತಾವ ಮೂಕಿ ಮ್ಯಾಲೆ ನಾಕ್ ಜನ ನಿಂತ್ಕತಾರೆ. ಇವರಿರಾದೇ ಅದಕ್ಕೆ."

"ಹೋದ ಸಲ..."

"ಹೋದ ಸಲ ಅವನು ಕುಡಿದಿದ್ದ ಕಣಲೇ. ನೀನು ಸ್ಟೇರಿಂಗ್ ನೋಡ್ಕ."

ಪಿಳ್ಳಣ್ಣ ಅಂದು ಕುಡಿದಿರಲಿಲ್ಲ. ಅದು ಮುನಿಕೃಷ್ಣನಿಗೆ ಗೊತ್ತಿತ್ತು. ಮೂಕಿಯಿಂದ ಜಾರಿದ ಪಿಳ್ಳಣ್ಣನ ಪಾದಕ್ಕೆ ತನ್ನ ಅಂಗಿ ಬಿಚ್ಚಿ ಸುತ್ತಿದವನು ಅವನೇ. ಅಂದಿನಿಂದ ಎಲ್ಲರ ಕಾಲು ಎಲ್ಲೆಲ್ಲಿದೆ ಎಂದು ತಿರುಗಿ ನೋಡದೆ ಅವನು ಕ್ಲಚ್ ಬಿಡುತ್ತಿರಲಿಲ್ಲ. ಊರಿನವರು ಇದನ್ನು ಹಿಡಿದು ಅವನನ್ನು ಆಡಿಕೊಳ್ಳುತ್ತಿದ್ದರು.

ವೆಂಕಟರಾಮಪ್ಪ ಮಡ್‌ಗಾರ್ಡಿನ ಮೇಲೆ ಟವಲು ಹಾಸಿ ಕುಳಿತ. ಕೂಲಿಯವರು ಹಿಂದೆ ನಡೆದರು.

"ಗೌಡ ಇನ್ನೊಂದೀಟು ದಪ್ಪ ಆಗಿದ್ದಿದ್ರೆ ನಾವು ಮೂಕಿ ಹತ್ತೋದು ತಪ್ತಿತ್ತು," ಗಂಗಲಕ್ಷ್ಮಮ್ಮ ಮೆಲ್ಲನೆ ಅಂದಳು.

"ತಿಂದಿದ್ದು ಸಾಲ್ದು ಅಂತೀಯ ಅತ್ತೆಮ್ಮ," ಎಂದ ರಾಮಾಂಜಿನಪ್ಪ. ಲಕ್ಕಮ್ಮನಿಗೆ ನಗು ಬರಲಿಲ್ಲ. ಅವಳು ಮೂಕಿಯನ್ನೇ ನೋಡುತ್ತಾ ನಡೆಯುತ್ತಿದ್ದಳು.

ದೊಡ್ಡಬೆಳವಂಗಲದ ರಸ್ತೆ ಬಿಟ್ಟು ಕೆರೆ ಏರಿಯ ಕಡೆ ತಿರುಗುವಾಗಲೇ ಟ್ರೇಲರು ಎಡಕ್ಕೂ ಬಲಕ್ಕೂ ಓಲಾಡಿತು. ಏರಿಗೆ ಹತ್ತುವ ಇಳಿಜಾರಿನ ಅರ್ಧದಲ್ಲಿ ದೊಡ್ಡ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ಮಣ್ಣು ಹಾರಿಸಿತು. ಟ್ರೇಲರು ಹಿಂದಕ್ಕೆ ಜಗ್ಗಿತು. ರಾಮಾಂಜಿನಪ್ಪ ಓಡಿಹೋಗಿ ಚಕ್ರಕ್ಕೆ ದಪ್ಪ ಕಲ್ಲು ಕೊಟ್ಟ. ಇನ್ನೊಬ್ಬ ಆ ಕಡೆಯಿಂದ ಕೊಟ್ಟ.

ಎಲ್ಲರಿಗಿಂತ ಮೊದಲು ಇಳಿದು ದೂರ ನಿಂತವನು ವೆಂಕಟರಾಮಪ್ಪ.

"ಗಂಡಸ್ರು ಕಲ್ಲು ಹಿಡ್ಕಂಡು ಚಕ್ರದ ತಾವ ಇರ್ರಿ. ಹೆಂಗಸ್ರು ಮೂಕಿ ಹತ್ರಿ. ಲಕ್ಕಿ, ನೀನು ಮೊದ್ಲು ಹತ್ತು."

ಎಷ್ಟೋ ಬರಿಗಾಲುಗಳು ಉಜ್ಜಿ ಉಜ್ಜಿ ಮೂಕಿಯ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಲಕ್ಕಮ್ಮ ಆ ಹೊಳಪನ್ನು ನೋಡಿದಳು.

"ನಾ ಅಲ್ಲಿ ನಿಂತ್ಕಳಲ್ಲ ಸ್ವಾಮಿ."

"ಯಾಕೆ, ನಿನ್ ಗಂಡ ನಿಂತಿರಲಿಲ್ವಾ?"

"ಅದಕ್ಕೇ ಅಂದಿದ್ದು."

"ಓಹೋ. ಅಂಗಾದ್ರೆ ಕಾವಲು ಬ್ಯಾಡ ಅನ್ನು. ಆ ಕುಂಟನ್ನ ಹೆಗಲ ಮ್ಯಾಲೆ ಕೂರಿಸ್ಕಂಡು ಬಸ್‌ಸ್ಟ್ಯಾಂಡ್‌ನಾಗೆ ತಟ್ಟೆ ಇಡು."

ಮುನಿಕೃಷ್ಣ ಬ್ರೇಕ್ ತುಳಿದುಕೊಂಡೇ ಹೇಳಿದ. "ಹತ್ತು ಕೂಚ ಮುಂದಕ್ಕೆ ಎಳೆದ್ರೆ ಯಾರೂ ನಿಂತ್ಕಳಾದೇ ಬ್ಯಾಡ ಚಿಕ್ಕಪ್ಪ."

"ಎಳ್ದು ದ್ಯಾವ್ರ ಮ್ಯಾಲೆ ಇಕ್ಕು. ಬಾಯ್ಮುಚ್ಕಂಡಿರಲೇ ಬೋಳಿಮಗನೆ."

ಲಕ್ಕಮ್ಮ ಹೆಗಲ ಮೇಲಿದ್ದ ಬಟ್ಟೆಯ ಸಿಂಬೆಯನ್ನು ತೆಗೆದು ಕೈಯಲ್ಲಿ ಮಡಿಸಿದಳು. ಒಗೆದ ಅಂಗಿ ಮತ್ತೆ ಕಣ್ಣಿಗೆ ಬಂತು. ಅದರ ಕೆಳಗೆ, ಬೆರಳಿಲ್ಲದ ಪಾದವೂ ಬಂತು.

"ಮುಂದುಗಡೆ ಭಾರ ತಾನೇ ಸ್ವಾಮಿ ಬೇಕಾಗಿರಾದು?"

"ಹೂಂ ಕಣೆ. ಭಾರ."

ಅವಳು ಮೂಕಿಯ ಪಕ್ಕದಿಂದ ಹಾದುಹೋದಳು. ಟ್ರೇಲರಿನ ಅಂಚು ಹಿಡಿದು ಚಕ್ರದ ಮೇಲೆ ಕಾಲೂರಿ ಒಳಕ್ಕೆ ಇಳಿದಳು. ಹುಲ್ಲು ತುಳಿದುಕೊಂಡು ಹೋಗಿ, ಅರಿಶಿನದ ಹೊಸ್ತಿಲಿನ ನಟ್ಟನಡುವೆ ಕುಳಿತಳು.

ಗಂಗಲಕ್ಷ್ಮಮ್ಮ ಸೆರಗು ಬಿಗಿದುಕೊಂಡು ಅವಳ ಹಿಂದೆಯೇ ಹತ್ತಿದಳು. "ಒಸಿ ಸರ್ಕಳಮ್ಮಿ. ನಂಗೂ ಮಂಡಿ ನೋಯ್ತದೆ." ಉಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಹತ್ತಿದಳು, ಅವಳ ಕೈ ಹಿಡಿದು ಇನ್ನೊಬ್ಬಳು. ಕಲ್ಲಿನ ಮೇಲೆ ಜಾಗ ಸಾಲದೆ ಅದಕ್ಕೆ ಒರಗಿ ಕುಳಿತರು. ಮೂಕಿ ನರಳಿ ಕೆಳಕ್ಕೆ ಬಂತು. ದೊಡ್ಡ ಚಕ್ರ ಮಣ್ಣಿನಲ್ಲಿ ಎರಡು ಬೆರಳು ಕುಸಿದು ಕೂತಿತು.

"ಇಳೀರೇ ಸೂಳೇರಾ." ವೆಂಕಟರಾಮಪ್ಪ ಟ್ರೇಲರಿನ ಬಳಿಗೆ ಓಡಿಬಂದ. ಕೈ ಚಾಚಿದ. ಲಕ್ಕಮ್ಮನ ತೋಳಿಗೆ ಒಂದು ಗೇಣು ದೂರದಲ್ಲಿ ಕೈ ನಿಂತುಬಿಟ್ಟಿತು. ಮಡಿ ಪಂಚೆ ಕಾಲಿಗೆ ತೊಡರುತ್ತಿತ್ತು. ಅವನು ತಿರುಗಿ ಕೂಗಿದ. "ಲೇ ರಾಮಾಂಜಿನಿ, ಎಳ್ದಾಕ್ಲಾ ನಿಮ್ಮ ಹೆಂಗಸ್ರನ್ನ."

ರಾಮಾಂಜಿನಪ್ಪ ತಾನು ಕೊಟ್ಟಿದ್ದ ಕಲ್ಲನ್ನು ಚಕ್ರದ ಬುಡದಿಂದ ಈಚೆಗೆ ತೆಗೆದ.

"ನಾ ಅಲ್ಲಿಗೆ ಕಾಲಿಡಂಗಿಲ್ವಲ್ಲ ಸ್ವಾಮಿ. ನೀವೇ ಹೇಳಿದ್ರಿ."

ಮುನಿಕೃಷ್ಣ ಸೀಟಿನಲ್ಲೇ ತಿರುಗಿದ. ಚಿಕ್ಕಪ್ಪನ ಮುಖ ನೋಡಲಿಲ್ಲ. ಕೆಳಕ್ಕೆ, ಹುಲ್ಲಿನ ಮೇಲಿದ್ದ ಕಾಲುಗಳನ್ನು ಒಂದೊಂದಾಗಿ ನೋಡಿದ. ಗಂಗಲಕ್ಷ್ಮಮ್ಮನ ಪಾದ ಒಂದಿಷ್ಟು ಹೊರಕ್ಕೆ ಚಾಚಿತ್ತು.

"ಕಾಲು ಒಳಕ್ಕೆ ಎಳ್ಕಳಕ್ಕಾ," ಅಂದ.

ಅವಳು ಎಳೆದುಕೊಂಡಳು. ಅವನು ಕ್ಲಚ್ ಬಿಟ್ಟ.

ಚಕ್ರ ಮಣ್ಣು ಕಚ್ಚಿತು. ಟ್ರ್ಯಾಕ್ಟರು ಒಂದೇ ಉಸಿರಿನಲ್ಲಿ ಏರಿಯ ಮೇಲೆ ಬಂತು. ಹಿಂದಿನಿಂದ ಬರುತ್ತಿದ್ದ ಬೈಗುಳ ನಿಧಾನವಾಗಿ ಕೆಳಗೆ ಉಳಿಯಿತು. ಬಿಸಿಲಿಗೆ ಕಲ್ಲು ಕಾದಿತ್ತು. ಲಕ್ಕಮ್ಮ ಅದರ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು, ಅಂಗೈ ಹಳದಿಯಾಗಿತ್ತು.

ಏರಿಯ ಆ ತುದಿಯಲ್ಲಿ ದೇವಸ್ಥಾನದ ಮುಂದೆ ಜನ ಸೇರಿದ್ದರು. ಪೂಜಾರಿ ಕಳಶ ಹಿಡಿದು ನಿಂತಿದ್ದ. ದಾರಿ ನೋಡುತ್ತಿದ್ದವರಲ್ಲಿ ಒಬ್ಬ ಟ್ರೇಲರಿನ ಕಡೆ ಕೈ ತೋರಿಸಿದ. ಎಲ್ಲರೂ ಇತ್ತ ತಿರುಗಿದರು.

ಅವರಿಗಿಂತ ಈಚೆಗೆ, ದ್ರಾಕ್ಷಿ ತೋಟದ ತಂತಿಬೇಲಿಯ ಬಳಿ, ಒಗೆದ ಅಂಗಿ ತೊಟ್ಟ ಪಿಳ್ಳಣ್ಣ ಕಾವಲಿಗೆ ಕುಳಿತಿದ್ದ. ಹೆಂಡತಿ ಯಾವುದರ ಮೇಲೆ ಕುಳಿತು ಬರುತ್ತಿದ್ದಾಳೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನು ಕೋಲೂರಿ ಎದ್ದು ನಿಂತ.

ಟ್ರೇಲರು ಓಲಾಡದೆ ಬರುತ್ತಿತ್ತು.